ಮೇಣದ ಮೇಲೆ ಮೇಣ

ಕಾರಿಗೆ ಮೇಣ ಹಚ್ಚುವ ವಿಷಯಕ್ಕೆ ಅಕ್ಕ ತಂಗಿ ಕಚ್ಚಾಡಿದರು ಎಂದರೆ ಕೇಳಿದವರು ನಗುತ್ತಾರೆ. ಆ ದಿನಗಳಲ್ಲಿ ಒಂದು ಗಳಿಗೆ ಆ ಷೆಡ್ಡಿನೊಳಗೆ ನಿಂತಿದ್ದರೆ ಅವರ ನಗು ಗಂಟಲಲ್ಲೇ ಉಳಿಯುತ್ತಿತ್ತು.

ಕಾರು ಅಪ್ಪನದು. ಗಾಡಿಗಳಿಗೆ ಬಣ್ಣ ಹೊಡೆಯುವ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಮೇಸ್ತ್ರಿಯಾಗಿದ್ದವನು ಅವನು. ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಬೀದಿಯವರ ಬಾಯಲ್ಲಿ ಇನ್ನೂ ಮೇಸ್ತ್ರಿಯೇ. ಎರಡು ಬಾಗಿಲಿನ, ಉದ್ದ ಮೂತಿಯ ಆ ಹಳೆಯ ಗಾಡಿಯನ್ನು ಗುಜರಿಯಿಂದ ಎಳೆದು ತಂದು, ತುಕ್ಕು ಕೆರೆದು, ಹಳೆಯ ಕಾಲದ ಬಣ್ಣವನ್ನೇ ಹುಡುಕಿ ತರಿಸಿ, ಕಡುಗೆಂಪು ಹೊಡೆದಿದ್ದ. ಪ್ರತಿ ವರ್ಷ ಹಳೆಯ ಕಾರುಗಳ ಪ್ರದರ್ಶನಕ್ಕೆ ಒಯ್ಯುತ್ತಿದ್ದ. ಪ್ರತಿ ವರ್ಷ ಎರಡನೆಯದೋ ಮೂರನೆಯದೋ ಬಹುಮಾನ ಹಿಡಿದುಕೊಂಡು, ತೀರ್ಪುಗಾರರಿಗೆ ಶಾಪ ಹಾಕುತ್ತ ಮನೆಗೆ ಬರುತ್ತಿದ್ದ. ಈ ಸಲ ಬೆರಳುಗಳ ಗಂಟು ಊದಿಕೊಂಡು ಅವನ ಕೈಯಲ್ಲಿ ಬಟ್ಟೆಯೂ ನಿಲ್ಲದಾಯಿತು. ಹೆಣ್ಣುಮಕ್ಕಳಿಬ್ಬರಿಗೂ ಹೇಳಿ ಕಳಿಸಿದ.

ದೊಡ್ಡವಳದು ಬಸ್ ನಿಲ್ದಾಣದ ಹಿಂದೆ ಗಾಡಿ ಸೀಟು ಹೊಲಿಯುವ ಅಂಗಡಿ. ಚಿಕ್ಕವಳು ಕನ್ನಡಕದ ಅಂಗಡಿಯೊಂದರಲ್ಲಿ ಗಾಜು ಉಜ್ಜುವ ಯಂತ್ರದ ಮುಂದೆ ಕೂರುವವಳು. ಇಬ್ಬರೂ ಒಂದೇ ಕೋಣೆಯಲ್ಲಿ ಬೆಳೆದಿದ್ದರು. ಆ ಕಾಲದಲ್ಲೇ ಒಬ್ಬಳ ಬಾಚಣಿಗೆ ಇನ್ನೊಬ್ಬಳು ಮುಟ್ಟಿದರೆ ಮನೆ ಎರಡಾಗುತ್ತಿತ್ತು. ಮದುವೆಯಾಗಿ ಬೇರೆ ಬೇರೆ ಮನೆ ಸೇರಿದ ಮೇಲೆ ಸಾವು ನೋವಿಗಷ್ಟೇ ಎದುರುಬದುರಾಗುತ್ತಿದ್ದರು, ಆಗಲೂ ಮುಖ ಊದಿಸಿಕೊಂಡೇ.

ಮೊದಲ ಸಂಜೆ ಅಪ್ಪನ ಮನೆಯ ಷೆಡ್ಡಿನಲ್ಲಿ ಕಾರಿನ ಆಚೆಗೊಬ್ಬಳು, ಈಚೆಗೊಬ್ಬಳು. ಮೇಸ್ತ್ರಿ ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತಿದ್ದ.

"ಮೊದಲು ನನ್ನ ಸೀಲೆಂಟು," ಎಂದು ಚಿಕ್ಕವಳು ಬಣ್ಣಕ್ಕೆ ಕವಚ ಕಟ್ಟುವ ಆ ಹೊಸಕಾಲದ ದ್ರವದ ಬಾಟಲಿ ಅಲ್ಲಾಡಿಸಿದಳು. "ಇದು ಬರಿ ಬಣ್ಣಕ್ಕೇ ಅಂಟ್ಕೋಬೇಕು. ಪೂರ್ತಿ ಒಣಗಲಿ. ಆಮೇಲೆ ಬೇಕಿದ್ರೆ ನಿನ್ನ ಡಬ್ಬಿ ವ್ಯಾಕ್ಸ್ ಮೇಲೆ ಹಚ್ಕೋ."

"ಬೇಕಿದ್ರೆ ಅಂತೆ! ಇದು ಹಳೇ ಬಣ್ಣ ಕಣೇ, ಇದಕ್ಕೆ ಎಣ್ಣೆ ಅಂಶ ಬೇಕು. ಪ್ಲಾಸ್ಟಿಕ್ ಸುತ್ತೋಕೆ ಇದೇನು ಸೂಟ್‌ಕೇಸಾ?"

"ಡಬ್ಬಿ ಮೇಲೆ ಬರೆದಿರೋದನ್ನಾದ್ರೂ ಒಂದ್ಸಲ ಓದು."

"ಡಬ್ಬಿ ಓದ್ಕೊಂಡು ಕೆಲಸ ಕಲಿತವಳು ನೀನು. ನನಗೆ ಆ ಗತಿ ಬಂದಿಲ್ಲ."

ಯಾರ ಮಾತು ಹರಿತವಾಗಿತ್ತೋ ಮೇಸ್ತ್ರಿ ಅವಳ ಕಡೆ ಕತ್ತು ತಿರುಗಿಸುತ್ತ ಕೂತ. ಕೊನೆಗೆ, ನಾಳೆ ಸಂಜೆ ಚಿಕ್ಕವಳು ಹಚ್ಚಲಿ, ನಾಡಿದ್ದು ದೊಡ್ಡವಳು ಹಚ್ಚಲಿ ಎಂದ. ಚಿಕ್ಕವಳ ಸ್ಕೂಟರಿನ ಸದ್ದು ಬೀದಿ ಕೊನೆಯಲ್ಲಿ ಕರಗಿದ ಮೇಲೆ ದೊಡ್ಡವಳನ್ನು ಹತ್ತಿರ ಕರೆದು ದನಿ ತಗ್ಗಿಸಿದ.

"ಆ ಬಾಟಲಿ ನೀರಿನ ಮೇಲೆ ನನಗೆ ನಂಬಿಕೆ ಇಲ್ಲ. ನಿನ್ನ ಕೈ ನನ್ನ ಕೈ ಇದ್ದ ಹಾಗೆ. ನೀನೇ ನೋಡ್ಕೋ. ಮೊದಲ ಬಹುಮಾನ ಬಂದ್ರೆ ಕಾರು ನಿನ್ನದು."

ಅಪ್ಪನ ಬಾಯಿಂದ ಅಂಥ ಮಾತು ಬಂದದ್ದು ಅವಳಿಗೆ ನೆನಪಿರಲಿಲ್ಲ. ಮನೆಗೆ ಹೋಗುವ ದಾರಿಯಲ್ಲಿ ಆ ಮಾತನ್ನು ಮತ್ತೆ ಮತ್ತೆ ಬಾಯಲ್ಲಿ ಹೊರಳಿಸಿಕೊಂಡಳು. ಕಾರಿನೊಳಗಿನ ಸೀಟುಗಳನ್ನು ಹೊಲಿದವಳೂ ಅವಳೇ. ಕಾರು ಬೇರೆ ಯಾರಿಗಾದರೂ ಹೋದರೂ ಆದೀತು, ತಂಗಿಗೆ ಮಾತ್ರ ಹೋಗಕೂಡದು.

ಮಾರನೆಯ ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಅವಳು ಷೆಡ್ಡಿಗೆ ಬಂದಳು. ಹಳದಿ ಮೇಣದ ಗಟ್ಟಿ ತುಣುಕನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ, ಬಾನೆಟ್ಟಿನ ಮೇಲೆ, ಎರಡೂ ಮಡ್‌ಗಾರ್ಡುಗಳ ಮೇಲೆ ಉಸಿರಿನಷ್ಟು ತೆಳ್ಳಗೆ ಹರಡಿದಳು. ಮಂಜು ಕವಿದ ಹಾಗೆ ಮಬ್ಬಾಗುವವರೆಗೂ ಕಾದು ಮೆತ್ತನೆಯ ಬಟ್ಟೆಯಲ್ಲಿ ಒರೆಸಿದಳು. ಮೇಣದ ಮೇಲೆ ಸೀಲೆಂಟು ಕೂರುವುದಿಲ್ಲವೆಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದುದಕ್ಕೇ ಹಚ್ಚಿದ್ದು. ಡಬ್ಬಿ ಮುಚ್ಚುವಾಗ ಸಣ್ಣಗೆ ಹಾಡಿಕೊಂಡಳು ಕೂಡ.

ಸಂಜೆ ಫೋನು ಹೊಡೆದುಕೊಂಡಿತು.

"ಯಾರೇ ಹಚ್ಚಿದ್ದು?" ತಂಗಿ ಹಲೋ ಅನ್ನದೆಯೇ ಕೇಳಿದಳು.

"ಏನನ್ನ?"

"ನಾಟಕ ಬೇಡ. ನಾನು ಹಚ್ಚಿದ್ದು ಅಲ್ಲಲ್ಲೇ ಹನಿಹನಿಯಾಗಿ ನಿಂತಿದೆ. ಬಾನೆಟ್ ಪೂರ್ತಿ ಚರ್ಮರೋಗ ಬಂದ ಹಾಗೆ ಕಾಣ್ತಿದೆ. ಕೆಳಗೆ ನಿನ್ನ ವ್ಯಾಕ್ಸ್ ಇದೆ, ವಾಸನೆ ಬರ್ತಿದೆ."

"ನಿನ್ನ ಸಾಮಾನು ಕಳಪೆ ಇದ್ರೆ ನನ್ನ ಯಾಕೆ ಕೇಳ್ತೀಯ?"

"ಹಾಗಾದ್ರೆ ಸರಿ," ಎಂದು ತಂಗಿ ಫೋನಿಟ್ಟಳು. ಕಿರುಚಿದ್ದರೆ ದೊಡ್ಡವಳಿಗೆ ನಿದ್ದೆ ಬರುತ್ತಿತ್ತು.

ಮರುದಿನ ಹೋಗಿ ನೋಡಿದರೆ ಕಾರಿನ ಮೇಲೆ ಮೇಣದ ಸುಳಿವೂ ಇರಲಿಲ್ಲ. ಚಿಕ್ಕವಳು ಸ್ಪಿರಿಟ್ ಹಾಕಿ ಒರೆಸಿ, ಸಾಲದೆಂದು ಉಜ್ಜುವ ಪೇಸ್ಟು ತಿಕ್ಕಿ, ಬೆತ್ತಲಾದ ಬಣ್ಣಕ್ಕೆ ತನ್ನ ಸೀಲೆಂಟು ಬಳಿದು ಹೋಗಿದ್ದಳು. ದೊಡ್ಡವಳೂ ಸ್ಪಿರಿಟ್ ತಂದಳು, ಪೇಸ್ಟು ತಂದಳು, ತಂಗಿಯದನ್ನೆಲ್ಲ ತಿಕ್ಕಿ ತೆಗೆದು ತನ್ನ ಮೇಣ ಹಚ್ಚಿದಳು. ತಂಗಿ ಅದನ್ನು ತೆಗೆದಳು. ಹೀಗೇ ನಡೆಯಿತು. ಅಂಗಡಿಯಲ್ಲಿ ಅರ್ಧ ಹೊಲಿದ ಸೀಟುಗಳು ಗುಡ್ಡೆ ಬಿದ್ದವು. ಗಂಡ ಒಂದು ದಿನ, "ಆ ಕಾರನ್ನ ನೀವಿಬ್ಬರೂ ಸೇರಿ ಸುಲೀತಿದ್ದೀರಿ" ಎಂದದ್ದಕ್ಕೆ ಅವನೊಡನೆಯೂ ಮಾತು ಬಿಟ್ಟಳು.

ಒಂದು ಮಧ್ಯಾಹ್ನ ಅವಳು ಬಾನೆಟ್ಟಿನ ನಡುವೆ ಉಬ್ಬಿದ ಏಣನ್ನು ತಿಕ್ಕುತ್ತಿದ್ದಳು. ಹಳೆಯ ಬಣ್ಣವಾದ್ದರಿಂದ ತಿಕ್ಕಿದಾಗಲೆಲ್ಲ ಬಟ್ಟೆ ಕೆಂಪಾಗುತ್ತಿತ್ತು. ಅದನ್ನು ಅವಳು ಲೆಕ್ಕಕ್ಕೆ ಇಟ್ಟಿರಲಿಲ್ಲ. ಈಗ ಬಟ್ಟೆಯ ಮೇಲೆ ಬೂದು ಬಣ್ಣ ಕಂಡಿತು. ಕೈ ತೆಗೆದು ನೋಡಿದಳು. ಏಣಿನ ಮೇಲೆ ದಾರದಷ್ಟು ತೆಳ್ಳಗೆ, ಗೇಣುದ್ದದ ಬೂದು ಗೆರೆ. ಬಣ್ಣ ಸವೆದು ಕೆಳಗಿನ ಪ್ರೈಮರು ಹಲ್ಲು ಕಿರಿಯುತ್ತಿತ್ತು.

ಬೆರಳಿಗೆ ಉಗುಳು ಹಚ್ಚಿ ಒರೆಸಿ ನೋಡಿದಳು, ಗೆರೆ ಹೋಗಲಿಲ್ಲ. ಅದರ ಹಿಂದೆಯೇ, ಸದ್ದಿಲ್ಲದೆ ಮನೆಗೆ ಹೋಗಿಬಿಟ್ಟರೆ ತಂಗಿಯ ತಲೆಗೇ ಬರುತ್ತದೆ ಎಂಬ ಯೋಚನೆ ಬಂತು. ಬಟ್ಟೆ ಮಡಿಸುತ್ತಿದ್ದಳು, ಅಷ್ಟರಲ್ಲಿ ಚಿಕ್ಕವಳು ಒಳಗೆ ಬಂದಳು. ನೆಟ್ಟಗೆ ಬಾನೆಟ್ಟಿನ ಹತ್ತಿರ ಹೋಗಿ ಬಗ್ಗಿದಳು. ಗಾಜಿನ ಮೇಲಿನ ಕೂದಲೆಳೆ ಗೀರು ಹುಡುಕುವ ಕಣ್ಣು ಅದು.

"ಮುಗಿಸಿಬಿಟ್ಟೆಯಲ್ಲ," ಎಂದಳು.

"ನಾನೊಬ್ಬಳೇ ಮುಗಿಸಿದ್ನಾ? ನೀನು ಪೇಸ್ಟ್ ಹಾಕಿ ತಿಕ್ಕಿದ್ದು ಯಾವ ಕಾರನ್ನ?"

"ನೀನು ಮೊದಲು ಕೈ ಹಾಕದೇ ಇದ್ದಿದ್ರೆ ನಾನ್ಯಾಕೆ ತಿಕ್ತಿದ್ದೆ? ಹೊಟ್ಟೆಕಿಚ್ಚು ನಿನಗೆ. ಕಾರು ನನಗೆ ಬರುತ್ತೆ ಅಂತ ಗೊತ್ತಾಗಿ ಬೇಕಂತಲೇ ಹಾಳು ಮಾಡಿದೆ."

"ನಿನಗೆ ಬರುತ್ತಾ?" ದೊಡ್ಡವಳು ನಕ್ಕಳು. "ಯಾವ ಕನಸಲ್ಲಿ?"

"ಅಪ್ಪ ಹೇಳಿದ್ದಾರೆ. ನಿನ್ನ ವ್ಯಾಕ್ಸ್ ಮೇಲೆ ಅವರಿಗೆ ನಂಬಿಕೆ ಇಲ್ಲ, ಅದನ್ನೆಲ್ಲ ಒರೆಸಿಹಾಕು ಅಂದ್ರು. ನಿನ್ನ ಕಣ್ಣು ನನ್ನ ಕಣ್ಣು ಇದ್ದ ಹಾಗೆ..."

ಚಿಕ್ಕವಳು ಮಾತು ನಿಲ್ಲಿಸಿದಳು. ಅಕ್ಕನ ಮುಖದಲ್ಲಿ ನಗು ಹಾಗೇ ಒಣಗುತ್ತಿತ್ತು.

"ನನಗೆ ಕೈ ಅಂದಿದ್ರು," ಎಂದಳು ದೊಡ್ಡವಳು.

ಇಬ್ಬರೂ ಒಬ್ಬಳ ಹಿಂದೊಬ್ಬಳು ಮನೆಯೊಳಗೆ ಹೋದರು.

ಮೇಸ್ತ್ರಿ ಅಡುಗೆಮನೆಯ ಮೇಜಿನ ಮುಂದೆ ಕೂತು ಬಿಸಿನೀರಿನ ಬೋಗುಣಿಯಲ್ಲಿ ಬೆರಳು ಅದ್ದಿಕೊಂಡಿದ್ದ. ಮಕ್ಕಳು ಕೇಳಿದ್ದಕ್ಕೆ ಮುಖ ಕೂಡ ತಿರುಗಿಸಲಿಲ್ಲ.

"ಹೌದು, ಇಬ್ಬರಿಗೂ ಹೇಳಿದೆ. ಏನೀಗ? ಕಾರ್ಖಾನೇಲಿ ಆಳುಗಳನ್ನ ಹೀಗೇ ದುಡಿಸಿದ್ದು ನಾನು. ಇಬ್ಬರು ದೋಸ್ತಿಯಾದ್ರೆ ಹರಟೆ ಹೊಡೀತಾರೆ. ಒಬ್ಬನ ಕಂಡ್ರೆ ಒಬ್ಬನಿಗೆ ಆಗದೇ ಇದ್ರೆ ಇಬ್ಬರೂ ಪ್ರಾಣ ಬಿಟ್ಟು ಕೆಲಸ ಮಾಡ್ತಾರೆ."

"ನಾವು ನಿಮ್ಮ ಆಳುಗಳಾ?" ಎಂದಳು ದೊಡ್ಡವಳು.

"ಆಳುಗಳಾಗಿದ್ರೆ ಬಣ್ಣ ಸವೆಸ್ತಿರಲಿಲ್ಲ," ಎಂದು ಮೇಸ್ತ್ರಿ ಬೋಗುಣಿಯಿಂದ ಕೈ ಎತ್ತಿ ಕೊಡವಿದ. "ಚಿಕ್ಕವರಿದ್ದಾಗಿನಿಂದ ನೋಡಿದ್ದೀನಿ. ಇವಳಿಗೆ ಬೈದ್ರೆ ಅವಳು ಪಾಠ ಓದೋಳು, ಅವಳಿಗೆ ಬೈದ್ರೆ ಇವಳು ಪಾತ್ರೆ ತೊಳೆಯೋಳು. ಹೋಗಿ, ಗೆರೆ ಮುಚ್ಚಿ. ಪ್ರದರ್ಶನ ಹತ್ತಿರ ಬಂತು."

ಅಲ್ಲಿಂದ ಹೊರಟುಬಿಡಬೇಕಿತ್ತು. ಹೊರಡಲಿಲ್ಲ. ಮೊದಲು ಹೋದವಳು ಸೋತ ಹಾಗೆ ಎಂದು ಇಬ್ಬರೂ ಷೆಡ್ಡಿನಲ್ಲೇ ನಿಂತರು. ಕಡೆಗೆ ಚಿಕ್ಕವಳು ಸ್ಪಿರಿಟ್ ಬಾಟಲಿ ಎತ್ತಿಕೊಂಡಳು.

"ಪೇಸ್ಟ್ ಮುಟ್ಟಿದ್ರೆ ಕೈ ಮುರೀತೀನಿ," ಎಂದಳು ದೊಡ್ಡವಳು.

"ಗೊತ್ತು. ಬಾಯ್ಮುಚ್ಕೊಂಡು ಆ ಕಡೆ ಹಿಡಿ."

ಇಡೀ ಕಾರನ್ನು ತೊಳೆದು ಒರೆಸಿದರು. ದೊಡ್ಡವಳು ಹಳೆಯ ಡಬ್ಬಿಯ ತಳದಲ್ಲಿ ಉಳಿದಿದ್ದ ಕಡುಗೆಂಪನ್ನು ಸಣ್ಣ ಕುಂಚದಲ್ಲಿ ಗೆರೆಗೆ ಮುಟ್ಟಿಸಿದಳು. ಅದು ಒಣಗಿದ ಮೇಲೆ ಚಿಕ್ಕವಳು ಸೀಲೆಂಟು ಹಚ್ಚಿದಳು. ಒಂದಿಡೀ ದಿನ ಬಿಟ್ಟು ಅದರ ಮೇಲೆ ದೊಡ್ಡವಳ ಮೇಣ ಬಿತ್ತು. ಈ ಹೊತ್ತಿನಲ್ಲಿ ಇಬ್ಬರ ನಡುವೆ ಆಡಿದ ಮಾತುಗಳಲ್ಲಿ ಅರ್ಧ ಬೈಗುಳ, ಇನ್ನರ್ಧ "ಅಲ್ಲಿ ಬಿಟ್ಟೆ ನೋಡು" ಎಂಬುದು. ಕಡೆಯ ಸಲ ಒರೆಸಿ ದೂರ ಸರಿದು ನೋಡಿದರೆ ಕಾರಿನ ಬಾಗಿಲೊಳಗೆ ಇಬ್ಬರ ಮುಖವೂ ಬಾವಿಯ ತಳದಿಂದ ನೋಡುವಂತೆ ಕಾಣುತ್ತಿತ್ತು. ಕೆಳಗಿನ ಸೀಲೆಂಟು ಗಾಜಿನ ಹೊಳಪು ಕೊಟ್ಟಿತ್ತು, ಮೇಲಿನ ಮೇಣ ಆಳ ಕೊಟ್ಟಿತ್ತು. ಚೆನ್ನಾಗಿದೆ ಎಂದು ಇಬ್ಬರೂ ಹೇಳಲಿಲ್ಲ.

ಪ್ರದರ್ಶನದ ಬಯಲಿನಲ್ಲಿ ಜನ ತುಂಬಿದ್ದರು. ತೀರ್ಪುಗಾರ್ತಿ ದಪ್ಪ ಕನ್ನಡಕದ ಹೆಂಗಸು. ಟಾರ್ಚು ಹಿಡಿದು ಬಾಗಿಲು, ಡಿಕ್ಕಿ, ಮಡ್‌ಗಾರ್ಡು ಎಲ್ಲವನ್ನೂ ನೋಡುತ್ತ ಬಂದವಳು ಕನ್ನಡಕ ಒರೆಸಿಕೊಂಡು ಮತ್ತೆ ಬಾಗಿಲಿಗೆ ಬಗ್ಗಿದಳು.

"ಇಂಥ ಹೊಳಪು ಈ ವರ್ಷ ನೋಡಿಲ್ಲ. ಯಾರು ಹಚ್ಚಿದ್ದು?"

"ನಾನೇ," ಎಂದ ಮೇಸ್ತ್ರಿ, ಊದಿದ ಕೈಗಳನ್ನು ಕೋಟಿನ ಜೇಬಿಗಿಳಿಸಿ. "ಬಣ್ಣಾನೂ ನಂದೇ, ವ್ಯಾಕ್ಸೂ ನಂದೇ."

ಟಾರ್ಚಿನ ಬೆಳಕು ಬಾನೆಟ್ಟಿನ ಏಣಿನ ಮೇಲೆ ಬಂದು ನಿಂತಿತು. "ಇಲ್ಲೇನೋ ತೇಪೆ ಹಾಕಿದ ಹಾಗಿದೆ?"

"ಅದೊಂದು ನನ್ನ ಹೆಣ್ಣುಮಕ್ಕಳ ಕೈಚಳಕ. ಹೇಳಿದ ಮಾತು ಕೇಳೋಲ್ಲ, ಏನು ಮಾಡೋದು ಹೇಳಿ?"

ಸುತ್ತ ನಿಂತವರು ನಕ್ಕರು. ತೀರ್ಪುಗಾರ್ತಿಯೂ ಮುಗುಳ್ನಕ್ಕಳು. ದೊಡ್ಡವಳ ಕಣ್ಣು ಅಪ್ಪನ ಮುಖಕ್ಕಿಂತ ಮೊದಲು ತಂಗಿಯ ಮುಖಕ್ಕೆ ಹೋಯಿತು. ಅಲ್ಲಿ ರಕ್ತವೇ ಇರಲಿಲ್ಲ. ಆ ಮುಖ ಬಾಡಿದ್ದನ್ನು ನೋಡಿ ಇಷ್ಟು ವರ್ಷ ಸಂತೋಷಪಟ್ಟಿದ್ದವಳಿಗೆ ಈ ಸಲ ಸಂತೋಷವಾಗಲಿಲ್ಲ. ಕಾಲ ಬಳಿ ಇಟ್ಟುಕೊಂಡಿದ್ದ ಒರೆಸುವ ಸಾಮಾನಿನ ಚೀಲಕ್ಕೆ ಕೈ ಹಾಕಿ ಸ್ಪಿರಿಟ್ ಬಾಟಲಿ ತೆಗೆದಳು, ಬಟ್ಟೆಯ ಮೇಲೆ ಗಳಗಳನೆ ಸುರಿದಳು, ಬಾನೆಟ್ಟಿನ ಮೇಲೆ ಈ ತುದಿಯಿಂದ ಆ ತುದಿಗೆ ಒತ್ತಿ ಒರೆಸಿದಳು. ಹೊಳಪಿನ ನಡುವೆ ಗೇಣಗಲದ ಮಂಕು ಪಟ್ಟಿ ಬಿತ್ತು.

"ಏಯ್!" ಎಂದು ಮೇಸ್ತ್ರಿ ಕೂಗಿದ. "ತಲೆ ಕೆಟ್ಟಿದೆಯೇನೇ ನಿನಗೆ?"

"ನೀವೇ ಹಚ್ಚಿದ್ದು ತಾನೆ? ಮತ್ತೆ ಹಚ್ಚಿ. ಇವರೆಲ್ಲ ನೋಡಲಿ."

ಮೇಸ್ತ್ರಿ ಚಿಕ್ಕವಳ ಕಡೆ ತಿರುಗಿದ. "ಹಿಡಿಯೇ ಅವಳನ್ನ! ನೀನಾದ್ರೂ ಬುದ್ಧಿವಂತೆ."

ಚಿಕ್ಕವಳು ಮುಂದೆ ಬಂದಳು. ಅಕ್ಕನ ಕೈಯಿಂದ ಬಟ್ಟೆ ಕಸಿದುಕೊಂಡಳು. ದೊಡ್ಡವಳು ಮುಷ್ಟಿ ಬಿಗಿದಳು. ಆದರೆ ಚಿಕ್ಕವಳು ಬಾಗಿಲ ಬಳಿ ಹೋಗಿ ಅದನ್ನು ಮೇಲಿನಿಂದ ಕೆಳಗಿನವರೆಗೂ ಎಳೆದಳು, ಮತ್ತೊಮ್ಮೆ ಎಳೆದಳು. ಮೇಸ್ತ್ರಿಯ ಕೈಗಳು ಜೇಬಿನಿಂದ ಹೊರಗೆ ಬಂದಿದ್ದವು. ಗಂಟುಗಟ್ಟಿದ ಆ ಬೆರಳುಗಳನ್ನು ತೀರ್ಪುಗಾರ್ತಿ ನೋಡಿದಳು, ಟಾರ್ಚು ಆರಿಸಿದಳು, ಪಕ್ಕದ ಕಾರಿಗೆ ಹೋದಳು.

ಆ ವರ್ಷ ಮೂರನೆಯ ಬಹುಮಾನವೂ ಬರಲಿಲ್ಲ. ಮೇಸ್ತ್ರಿ ಬೇರೊಬ್ಬನ ಕೈಲಿ ಕಾರು ಓಡಿಸಿಕೊಂಡು ಮನೆಗೆ ಹೋದ. ಮಕ್ಕಳ ಮುಖ ನೋಡುವುದಿಲ್ಲ ಎಂದು ಬೀದಿಗೆಲ್ಲ ಸಾರಿದ. ದೊಡ್ಡವಳಿಗೆ ಮಾಡಿದ್ದು ತಪ್ಪು ಎಂದು ಅನ್ನಿಸಲಿಲ್ಲ, ಸರಿ ಎಂದು ಹೇಳಿಕೊಳ್ಳುವ ಧೈರ್ಯವೂ ಬರಲಿಲ್ಲ. ಅರ್ಧಕ್ಕೆ ನಿಂತಿದ್ದ ಸೀಟುಗಳನ್ನು ಒಂದೊಂದಾಗಿ ಹೊಲಿದು ಮುಗಿಸಿದಳು. ಗಂಡನೊಡನೆ ಮಾತು ಶುರುವಾಯಿತು.

ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪನ ಫೋನು ಬಂತು. ಕ್ಷೇಮ ಸಮಾಚಾರವಿಲ್ಲ, ಪೀಠಿಕೆಯಿಲ್ಲ.

"ನಿನ್ನ ತಂಗಿ ಬಂದಿದ್ಳು. ನಿನಗೆ ಹೊಲಿಗೆ ಬಿಟ್ರೆ ಬೇರೆ ಏನೂ ಬರೋಲ್ಲ, ಅದೂ ಅಷ್ಟಕ್ಕಷ್ಟೇ ಅಂದ್ಳು. ನಾನು ಹೇಳ್ದೆ ಅಂತ ಹೇಳಬೇಡ."

"ಸರಿಯಪ್ಪಾ," ಎಂದು ದೊಡ್ಡವಳು ಫೋನಿಟ್ಟಳು. ಕೂಡಲೇ ತಂಗಿಯ ನಂಬರು ಒತ್ತಿದಳು.

"ನನ್ನ ಹೊಲಿಗೆ ಅಷ್ಟಕ್ಕಷ್ಟೇ ಅಂದ್ಯಂತೆ?"

ಆ ಕಡೆ ಯಂತ್ರದ ಸದ್ದು ನಿಂತಿತು. "ಅಂದೆ. ಇರೋದನ್ನೇ ಅಂದೆ. ಪ್ರದರ್ಶನ ಆದ್ಮೇಲೆ ಹೊಲಿದುಕೊಟ್ಟೆಯಲ್ಲ ನನ್ನ ಸ್ಕೂಟರ್ ಸೀಟು, ಒಂದು ಮಳೆಗಾಲಕ್ಕೇ ಬಾಯಿ ಬಿಟ್ಟಿದೆ."

"ಕೊಟ್ಟ ಬಟ್ಟೆ ಎಂಥದ್ದು ಹೇಳು ಮೊದಲು! ಅಗ್ಗದ್ದು ಹುಡುಕ್ಕೊಂಡು ಬಂದು ನನ್ನ ಮಾತಾಡ್ತೀಯ?"

"ಬಟ್ಟೆ ಸರಿಯಿಲ್ಲ ಅಂತ ಅವತ್ತೇ ಹೇಳೋಕೆ ನಿನ್ನ ಬಾಯಿಗೇನಾಗಿತ್ತು?"

ದೊಡ್ಡವಳು ಸೂಜಿಯನ್ನು ದಿಂಬಿಗೆ ಚುಚ್ಚಿಟ್ಟು, ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು, ಜಗಳಕ್ಕೆ ಅನುಕೂಲವಾಗುವಂತೆ ಸ್ಟೂಲಿನ ಮೇಲೆ ಸರಿಯಾಗಿ ಕೂತಳು.