ಮೊದಲು ಹತ್ತುವವನು

ಅಪ್ಪ ಮೇಜಿನ ಮೇಲಿಟ್ಟ ಮಾತ್ರೆಯ ಹಾಳೆಯನ್ನು ಡಾಕ್ಟರಮ್ಮ ತಿರುಗಿಸಿ ನೋಡಿದರು. ಹತ್ತರಲ್ಲಿ ನಾಲ್ಕು ಖಾಲಿ. ಕುರ್ಚಿಯ ಮೇಲೆ ಕಾಲು ಮಡಚಿ ಕೂತಿದ್ದ ಹದಿನಾರರ ಹುಡುಗಿ ಮಾತ್ರ ತಾನು ಒಂದನ್ನೂ ನುಂಗಿಲ್ಲ ಎನ್ನುತ್ತಿದ್ದಳು. ಹಾಗಾದರೆ ತಿಂದವರು ಯಾರು ಎಂದು ಡಾಕ್ಟರಮ್ಮ ಕೇಳಿದ್ದೇ ತಡ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ಅಪ್ಪ ಸಲಕರಣೆ ಚೀಲವನ್ನು ಹತ್ತಿರ ಎಳೆದುಕೊಂಡ. ಪಕ್ಕದಲ್ಲಿ ಕೂತಿದ್ದ ಹೆಂಡತಿಗೆ ಅಷ್ಟೇ ಸಾಕಾಯಿತು.

"ರೀ, ನೀವಾ?"

ಅವನು ಲಿಫ್ಟ್ ಮೆಕ್ಯಾನಿಕ್. ಇಪ್ಪತ್ತೆರಡು ವರ್ಷದಿಂದ ತಪ್ಪದೆ ಪಾಲಿಸಿಕೊಂಡು ಬಂದ ನಿಯಮವೊಂದಿತ್ತು: ರಿಪೇರಿಯಾದ ಲಿಫ್ಟನ್ನು ಮೊದಲು ಹತ್ತುವವನು ಮೆಕ್ಯಾನಿಕ್. ಅವನು ಮೇಲಿನ ಮಹಡಿ ಮುಟ್ಟಿ ಇಳಿದು ಬಂದ ಮೇಲೆ ಉಳಿದವರು. ಹೀಗಿರುವಾಗ ಮಗಳ ತಲೆಯೊಳಗೆ ಹೋಗಿ ಕೆಲಸ ಮಾಡುವ ವಸ್ತುವನ್ನು ಒಂದು ಚೀಟಿಯನ್ನು ನಂಬಿ ಕೊಡುವುದು ಹೇಗೆ? ನಾಳೆ ಶುರುಮಾಡೋಣ, ನಾಡಿದ್ದು ಶುರುಮಾಡೋಣ ಎಂದು ಎರಡು ವಾರ ತಳ್ಳಿ, ಹಾಳೆಯನ್ನು ಚೀಲದಲ್ಲಿ ಬಚ್ಚಿಟ್ಟು, ದಿನಕ್ಕೊಂದರಂತೆ ತಾನೇ ನುಂಗಿದ್ದ. ಬಾಯಿ ಒಣಗಿತು, ಹೊಟ್ಟೆ ತೊಳೆಸಿತು. ನಾಲ್ಕನೆಯ ದಿನ ಕೆಲಸದ ಜಾಗದಲ್ಲೇ ಕಣ್ಣು ಕತ್ತಲೆ ಬಂದು ಗೋಡೆ ಹಿಡಿದು ಕೂತ. ಗುಂಡುಕಲ್ಲಿನಂಥ ತನಗೇ ಹೀಗಾದರೆ ಆ ಕಡ್ಡಿಯಂಥ ಹುಡುಗಿಯ ಗತಿಯೇನು ಎಂದು ಹೆದರಿ, ಈ ಔಷಧಿ ಬೇಡ ಎನ್ನಲೆಂದೇ ಇವತ್ತು ಬಂದಿದ್ದ. ವಾಪಸು ಕೊಡುವ ಆತುರದಲ್ಲಿ, ಖಾಲಿಯಾದ ನಾಲ್ಕು ತನ್ನ ಮೇಲೆ ಸಾಕ್ಷಿ ಹೇಳುತ್ತವೆ ಎಂಬುದು ಮರೆತೇಹೋಗಿತ್ತು.

ಡಾಕ್ಟರಮ್ಮ ದನಿ ಏರಿಸಲಿಲ್ಲ. ಕಾಯಿಲೆ ಇಲ್ಲದವರು ನುಂಗಿ ನೋಡಿದರೆ ತಿಳಿಯುವುದು ಏನೂ ಇಲ್ಲ, ಅಪಾಯ ಮಾತ್ರ ಉಂಟು ಎಂದರು. ಮಾತ್ರೆಯೊಂದೇ ಸಾಲದು, ವಾರಕ್ಕೊಮ್ಮೆ ಬಂದು ಮಾತಾಡಬೇಕು, ಮೊದಮೊದಲು ಮನೆಯವರು ಮೈಯೆಲ್ಲ ಕಣ್ಣಾಗಿರಬೇಕು. ಆದರೆ ಮೂರು ತಿಂಗಳಿಂದ ಶಾಲೆಗೆ ಹೋಗದ, ಸ್ನಾನಕ್ಕೂ ಏಳಲಾರದ, ನಾನಿಲ್ಲದಿದ್ದರೆ ನಿಮಗೆ ಹಗುರ ಎಂದು ತಾಯಿಗೆ ಹೇಳಿದ ಮಗುವನ್ನು ಇನ್ನೂ ಕಾಯಿಸುವುದು ತಮಗೆ ಸರಿಕಾಣುವುದಿಲ್ಲ ಎಂದರು.

ಅಪ್ಪ ನೆಲ ನೋಡುತ್ತ, ಇನ್ನೊಂದು ತಿಂಗಳು ನೋಡೋಣ ಎಂದ. ತಾಯಿ ಬಾಯಿ ತೆರೆಯುವಷ್ಟರಲ್ಲಿ ಮಗಳು ಮಾತಾಡಿದಳು.

"ಅಪ್ಪ, ಲಿಫ್ಟಲ್ಲಿ ಯಾರಾದ್ರೂ ಸಿಕ್ಕಾಕೊಂಡ್ರೆ ನೀನು ಮೊದಲು ಏನ್ ಮಾಡ್ತೀಯ?"

ಇದು ಅವನಿಗೆ ನಿದ್ದೆಯಲ್ಲೂ ಬಾಯಿಗೆ ಬರುವ ಪಾಠ. "ಬಾಗಿಲ ಹತ್ರ ನಿಂತು ಮಾತಾಡಿಸ್ತೀನಿ. ಗಾಳಿ ಆಡ್ತಿದ್ಯಾ ಅಂತ ಕೇಳ್ತೀನಿ."

"ಖಾಲಿ ಲಿಫ್ಟಾದ್ರೆ ನೀನೇ ಹತ್ತಿ ನೋಡು. ಇದ್ರೊಳಗೆ ನಾನಿದೀನಿ ಅಪ್ಪ. ನೀನು ಹೊರಗೆ ನಿಂತು ಹಗ್ಗ ಗಟ್ಟಿ ಇದ್ಯಾ ಅಂತ ಎಳೆದು ನೋಡ್ತಾನೇ ಇದೀಯ. ನನ್ನ ಒಂದ್ಸಲಾನೂ ಕೇಳ್ಲಿಲ್ಲ." ಅವಳು ಉಸಿರು ತೆಗೆದುಕೊಂಡಳು. "ಮಾತ್ರೆ ಅಂದ್ರೆ ನಂಗೂ ಭಯಾನೇ. ಆದ್ರೂ ತಗೋತೀನಿ. ನಂಗೆ ಹೊರಗೆ ಬರ್ಬೇಕು."

ಸಿಕ್ಕಿಹಾಕಿಕೊಂಡವರನ್ನು ಅಪ್ಪ ಎಷ್ಟು ಕಂಡಿಲ್ಲ! ಹತ್ತೇ ನಿಮಿಷಕ್ಕೆ ಬಾಗಿಲು ಗುದ್ದಿ ಅತ್ತ ಮೀಸೆಯ ಗಂಡಸರಿದ್ದರು, ಕನ್ನಡಿ ಒಡೆದವರಿದ್ದರು. ಇವಳು ಮೂರು ತಿಂಗಳು ಕತ್ತಲಲ್ಲಿ ಕೂತು, ಹೊರಗೆ ಪರದಾಡುತ್ತಿದ್ದ ಅಪ್ಪನನ್ನೂ ಗಮನಿಸಿಕೊಂಡು, ಬೇಕಾದ್ದು ಏನೆಂದು ಬಿಡಿಸಿ ಹೇಳುತ್ತಿದ್ದಾಳೆ. ನಿನ್ನೆ ಮೊನ್ನೆ ಇದೇ ಚೀಲದ ಮೇಲೆ ಕೂತು ಸ್ಪ್ಯಾನರು ಎಣಿಸುತ್ತಿದ್ದ ಕೂಸು. ಇಷ್ಟು ಧೈರ್ಯ ಎಲ್ಲಿಂದ ಬಂತು? ತನ್ನದಂತೂ ಅಲ್ಲ. ಅವಳ ಮುಂದೆ ತಾನು ತೀರ ಚಿಕ್ಕವನೆನಿಸಿತು, ಹಾಗೆನಿಸಿದ್ದು ಹಿತವಾಗಿಯೂ ಇತ್ತು.

"ಒಳಗೆ ಹೇಗಿದೆ ಮಗಳೇ?" ಎಂದು ಕೇಳಿದ.

"ಉಸಿರಾಡ್ಬಹುದು. ಅಷ್ಟೇ."

ಅವನು ಡಾಕ್ಟರಮ್ಮನ ಪೆನ್ನು ತೆಗೆದುಕೊಂಡು ಒಪ್ಪಿಗೆಯ ಹಾಳೆಗೆ ಸಹಿ ಹಾಕಿದ. ಇನ್ನು ಮೇಲೆ ಮಾತ್ರೆ ತನ್ನ ಬೀರುವಿನಲ್ಲೇ ಇರಲಿ, ಮನೆಯಲ್ಲಿ ಕಳ್ಳನಿದ್ದಾನೆ ಎಂದಳು ಹೆಂಡತಿ, ಕಣ್ಣೊರೆಸಿಕೊಳ್ಳುತ್ತ. ಮಗಳ ತುಟಿಯಂಚು ಒಂದಿಷ್ಟು ಅಲುಗಿತು.

ಮರುದಿನ ಬೆಳಿಗ್ಗೆ ಅವಳು ತಾಯಿಯ ಅಂಗೈಯಿಂದ ಮಾತ್ರೆ ತೆಗೆದುಕೊಂಡು ನುಂಗಿ, ಲೋಟದ ನೀರೆಲ್ಲ ಕುಡಿದು ಕೋಣೆಗೆ ಹೋದಳು. ದಿನವೂ ಬೀಳುತ್ತಿದ್ದ ಚಿಲಕ ಇವತ್ತು ಬೀಳಲಿಲ್ಲ. ಬಾಗಿಲು ನಾಲ್ಕು ಬೆರಳಿನಷ್ಟು ತೆರೆದೇ ಇತ್ತು. ಲಿಫ್ಟಿನ ಬಾಗಿಲು ಎಳೆದು ತೆರೆಯುವ ಅಭ್ಯಾಸಬಲದಿಂದ ಅಪ್ಪನ ಕೈ ಸಂದಿಗೆ ಹೋಯಿತು, ಹಾಗೇ ಹಿಂದೆ ಬಂತು. ಅವನು ಕೆಲಸಕ್ಕೆ ತಡವಾಗುತ್ತದೆಂದು ಫೋನು ಮಾಡಿ, ಚೀಲ ಇಳಿಸಿ, ಹೊಸ್ತಿಲ ಪಕ್ಕದಲ್ಲಿ ನೆಲದ ಮೇಲೆ ಕೂತ.

ಎಷ್ಟೋ ಹೊತ್ತಿನ ಮೇಲೆ ಒಳಗಿನಿಂದ ದನಿ ಬಂತು. "ಅಪ್ಪ, ಇದೀಯಾ?"

"ಇದೀನಿ."

"ಮತ್ತೆ, ಕೇಳಲ್ವಾ?"

ಅವನು ಬಾಗಿಲ ಸಂದಿಯತ್ತ ಬಾಗಿದ. "ಗಾಳಿ ಆಡ್ತಿದ್ಯಾ?"

ಮಂಚ ಕಿರ್ರೆಂದಿತು, ಬರಿಗಾಲು ನಾಲ್ಕು ಹೆಜ್ಜೆ ನಡೆಯಿತು. ಆಮೇಲೆ ಮೂರು ತಿಂಗಳಿಂದ ಮುಚ್ಚಿದ್ದ ಕಿಟಕಿಯ ಚಿಲಕ ತೆಗೆದ ಸದ್ದಾಯಿತು.