ಗೋಡೆಯ ಮೇಲಿನ ಬೆನ್ನು

ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು ಹೆಂಡತಿ ಹಿಂದಿನ ಬೀದಿಗೆ ಹೊರಟಳೆಂದರೆ ಬೋರ್ಡು ಬರೆಯುವವನ ಹೊಟ್ಟೆಗೆ ಬೆಂಕಿ ಬೀಳುತ್ತಿತ್ತು.

ಅಲ್ಲಿಗೆ ಒಬ್ಬಳು ಕಲಾವಿದೆ ಬಂದು ಚಿತ್ರ ಬರೆಸಲು ಗೋದಾಮಿನ ಉದ್ದನೆಯ ಗೋಡೆ ಹಿಡಿದಿದ್ದಳು. ತಾನು ಮಾತ್ರ ಒಂದು ಗೆರೆಯನ್ನೂ ಎಳೆಯುತ್ತಿರಲಿಲ್ಲ. ಬಣ್ಣ ಕಲಸಿ ಕೊಡುವುದಷ್ಟೇ ಅವಳ ಕೆಲಸ. ಬೀದಿಯವರೇ ತಂತಮ್ಮ ಮನೆಯ ಒಬ್ಬರನ್ನು ಬರೆಯಬೇಕು. ಪತ್ರಿಕೆಯವರು ಬಂದು ಫೋಟೊ ತೆಗೆದುಕೊಂಡು ಹೋಗಿದ್ದರು. ಕಂಪ್ಯೂಟರಿನ ಬೋರ್ಡುಗಳು ಬಂದ ಮೇಲೆ ಇವನ ಅಂಗಡಿಗೆ ನೊಣವೂ ಬರುತ್ತಿರಲಿಲ್ಲ.

“ಬ್ರಷ್ಷು ಮುಟ್ಟದೇ ಇರೋಳು ಕಲಾವಿದೆಯಂತೆ” ಎಂದ, ಪಕ್ಕದ ಕ್ಷೌರದಂಗಡಿಯವನ ಮುಂದೆ.

“ಅವಳನ್ನ ಬಿಡಪ್ಪ. ನಿನ್ನ ಹೆಂಡ್ತಿ ಕೈ ನೋಡಿದ್ಯಾ? ನಿನ್ನನ್ನೇ ಬರೆದಿದ್ದಾಳೆ. ಬೀದಿಗೆ ಬೀದಿಯೇ ನಿಂತು ನೋಡ್ತಿದೆ.”

ಅವನಿಗೆ ಮೈಯೆಲ್ಲ ಉರಿಯಿತು. ಮದುವೆಯಾದಾಗಿನಿಂದ ಅವಳನ್ನು ಬಣ್ಣದ ಹತ್ತಿರ ಬಿಟ್ಟವನಲ್ಲ. ಒಮ್ಮೆ ಆಸೆಪಟ್ಟು ಕೇಳಿದ್ದಕ್ಕೆ, “ಇದೇನು ಸೌಟು ಆಡಿಸೋದು ಅಂದ್ಕೊಂಡ್ಯಾ?” ಎಂದು ನಾಲ್ಕು ಜನರೆದುರು ನಗಾಡಿದ್ದ.

ಬಿಳಿ ಬಣ್ಣದ ಡಬ್ಬಿ, ಅಗಲದ ಬ್ರಷ್ಷು ತೆಗೆದುಕೊಂಡು ಹೊರಟ. ಬಳಿದು ಅಳಿಸಿಬಿಡುವುದೇ ಸೈ.

ಗೋಡೆಯ ಮೇಲೆ ಅವನ ಬೆನ್ನಿತ್ತು. ಮುಖವಿಲ್ಲ, ಬರೀ ಬೆನ್ನು. ಬೋರ್ಡಿನ ಮೇಲೆ ಬಗ್ಗಿದ್ದು, ಎಡಭುಜ ಕೊಂಚ ಇಳಿದದ್ದು. ಕತ್ತಿನಿಂದ ಸೊಂಟದವರೆಗೆ ಒಂದೇ ಗೆರೆ. ನಡುವೆ ಎಲ್ಲೂ ಕೈ ಎತ್ತಿಲ್ಲ. ಅಂಥದ್ದೊಂದು ಗೆರೆ ತನ್ನ ಕೈಯಿಂದ ಇದುವರೆಗೆ ಬಿದ್ದಿಲ್ಲವೆಂದು ಬೇರೆ ಯಾರಿಗೂ ಗೊತ್ತಿಲ್ಲದಿದ್ದರೂ ಅವನಿಗೆ ಗೊತ್ತು. ಕಲಾವಿದೆಯ ಮೇಲಿದ್ದ ಹೊಟ್ಟೆಕಿಚ್ಚೆಲ್ಲ ಹೆಂಡತಿಯ ಕಡೆ ತಿರುಗಿತು.

“ಮುಖ ಎಲ್ಲಿ?” ಎಂದು ಗದರಿದ.

ಹಲಗೆಯ ಮೇಲೆ ನಿಂತಿದ್ದ ಅವಳು ಕೆಳಗೆ ನೋಡಿದಳು. “ನಂಗೆ ಕಂಡಿದ್ದು ಇಷ್ಟೇ. ಹಿಂದೆ ನಿಂತು ನೋಡ್ತಾ ಇರ್ತಿದ್ದೆ, ನೀವು ತಿರುಗ್ತಾನೇ ಇರ್ಲಿಲ್ಲ.”

ಯಾರೋ ಕಿಸಕ್ಕೆಂದರು. ಅವನು ಡಬ್ಬಿಯ ಮುಚ್ಚಳ ತೆಗೆದ.

“ಅಳಿಸೋಕೆ ಬಂದಿದ್ದೀರಿ ಅಂತ ಗೊತ್ತು.” ಅವಳ ದನಿ ಏರಲಿಲ್ಲ. “ಅಳಿಸಿ. ನಾಳೆ ಮತ್ತೆ ಬರೀತೀನಿ. ಈಗ ಕೈಗೆ ಬಂದಿದೆ.”

ಅವನು ಕಲಾವಿದೆಯತ್ತ ನೋಡಿದ, ಜಗಳಕ್ಕಾದರೂ ಬರಲಿ ಎಂಬಂತೆ.

“ನಿಮ್ಮ ಬೀದಿ ಗೋಡೆ, ನೀವೇ ನೋಡ್ಕೊಳ್ಳಿ” ಎಂದು ಅವಳು ಹಳದಿ ಕಲಸುವುದನ್ನು ಮುಂದುವರಿಸಿದಳು.

ಬ್ರಷ್ಷು ಎತ್ತಿದ. ಗೆರೆ ಕಣ್ಣು ಕುಕ್ಕುತ್ತಿತ್ತು. ಇದನ್ನು ಬಳಿದರೆ ಅವಳ ಕೈ ಕೆಡುವುದಿಲ್ಲ, ತನ್ನ ಕೈ ಪಳಗುವುದೂ ಇಲ್ಲ.

“ಅಂಗಿಗೆ ಬಣ್ಣ ಹಚ್ಚದೆ ಹಾಗೇ ಬಿಟ್ಟಿದ್ದೀಯಲ್ಲ” ಎಂದ ಕೊನೆಗೆ.

“ಬಿಳಿ ಮುಗಿದುಹೋಗಿತ್ತು.”

ಬ್ರಷ್ಷನ್ನು ನೆಲಕ್ಕಿಟ್ಟ. ಡಬ್ಬಿಯನ್ನು ಹಲಗೆಯ ಎತ್ತರಕ್ಕೆ ಎತ್ತಿ, ಅವಳ ಕೈಗೆ ನಿಲುಕುವಂತೆ ವಾಲಿಸಿ ಹಿಡಿದ. ಹೊಟ್ಟೆಯೊಳಗಿನ ಉರಿ ಇನ್ನೂ ಆರಿರಲಿಲ್ಲ. ಅವಳು ಬ್ರಷ್ಷು ಅದ್ದಿದಳು. ತೋಳು ಸೋತು ನಡುಗತೊಡಗಿದರೂ ಅವನು ಇಳಿಸಲಿಲ್ಲ.