ಬೇಲಿಯಾಚೆಯ ಕೆಂಡ

ಮಕ್ಕಳಾಗಲಿಲ್ಲವೆಂದು ಗಂಡನ ಮನೆಯವರು ಕಳಿಸಿಬಿಟ್ಟಾಗ ತಲೆಯ ಮೇಲೊಂದು ಗಡಿಗೆ ಹೊತ್ತು ತವರಿಗೆ ಬಂದೆ. ನಮ್ಮ ಲುವೋ ಜನರಲ್ಲಿ ಹಾಗೆ ಬಂದವಳಿಗೆ ಅಪ್ಪನ ಬೇಲಿಯೊಳಗೆ ಸ್ವಂತ ಗುಡಿಸಲಿಲ್ಲ. ಸತ್ತರೆ ಮಣ್ಣು ಕೂಡ ಬೇಲಿಯ ಹೊರಗೇ. ನಾನು ಬಂದ ವಾರವೇ ಅಣ್ಣ ಒದೇರೋನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು. ಕೂಸು ಉಳಿಯಿತು. ಅಣ್ಣ ಅದನ್ನು ನನ್ನ ತೊಡೆಯ ಮೇಲಿಟ್ಟು, "ಅಪೊಂಡಿ, ಅವಳ ಮನೇಲೇ ಇರು. ಒಲೆ ಆರದ ಹಾಗೆ ನೋಡ್ಕೋ" ಅಂದ. ಅಷ್ಟೇ ಅಂದದ್ದು.

ನಾನು ಆರಗೊಡಲಿಲ್ಲ. ಮಲಗುವ ಮುಂಚೆ ಕೆಂಡಕ್ಕೆ ಬೂದಿ ಹೊದಿಸುವುದು, ಬೆಳಗಾದರೆ ಊದಿ ಎಬ್ಬಿಸುವುದು. ಹುಡುಗ ಒಗೊಲಾ ಓಡಾಡುವಷ್ಟಾದ ಮೇಲೆ ಒಡೆದ ಗಡಿಗೆಯ ಚೂರಿನಲ್ಲಿ ಕೆಂಡ ಕೊಟ್ಟು ನೆರೆಮನೆಗೆ ಕಳಿಸುತ್ತಿದ್ದೆ. "ಹಿಂದೆ ತಿರುಗಬೇಡ ಮಗಾ, ಎಡವ್ತೀಯ. ಕೆಂಡದ ಮೇಲೇ ಕಣ್ಣಿರಲಿ." ಅವನು ನನ್ನನ್ನು ಅತ್ತೆ ಅಂತಲೇ ಕರೆಯುತ್ತಿದ್ದ. ಅಮ್ಮ ಅನ್ನಬಾರದೆಂದು ನಾನೇ ಕಲಿಸಿದ್ದೆ. ಆದರೂ ಒಲೆ ಮುಂದೆ ಅವನು ನಿದ್ದೆಹೋದಾಗ, ನಾನು ಹುಟ್ಟಿದ್ದು ಇದಕ್ಕೇ ಇರಬೇಕು ಅನ್ನಿಸುತ್ತಿತ್ತು.

ಅವನಿಗೂ ಮದುವೆಯಾಯಿತು. ಅಪ್ಪನ ಬೇಲಿ ಬಿಟ್ಟು ತನ್ನದೇ ಮನೆ ಹೂಡುವ ಕಾಲ ಬಂತು. ನಸುಕಿನಲ್ಲಿ ಹೊರಡಬೇಕು. ಅಪ್ಪ ಮುಂದೆ, ಹುಂಜವನ್ನೂ ಕೊಡಲಿಯನ್ನೂ ಹಿಡಿದ ಮಗ ಹಿಂದೆ. ಜೊತೆಗೆ ತಾಯಿಯ ಒಲೆಯ ಬೆಂಕಿ.

ಹಿಂದಿನ ಸಂಜೆ ಒಗೊಲಾ ಕೇಳಿದ, "ಅತ್ತೆ, ಅಲ್ಲಿ ನಿಮ್ಮ ಗುಡಿಸಲು ಎಲ್ಲಿ ಕಟ್ಟಲಿ?"

"ನಾನು ಮೀನು ಹುರಿಯೋ ವಾಸನೆ ನಿನ್ನ ಹೆಂಡತಿ ಮೂಗಿಗೆ ಬಡೀದಷ್ಟು ದೂರ."

ಅವನ ಹೆಂಡತಿ ಅಕೇಯೋ ನಕ್ಕಳು. "ದೂರ ಹೋದ್ರೆ ನನಗೆ ಊಟ ಯಾರು ಹಾಕ್ತಾರೆ? ನಾನು ಮಾಡಿದ ಮುದ್ದೆ ಇವರು ನಾಯಿಗೆ ಹಾಕ್ತಾರೆ ಅತ್ತೆ."

"ನಾಯೀನೂ ಮುಟ್ಟಲಿಲ್ಲ," ಅಂದ ಒಗೊಲಾ.

ಬೆಳಿಗ್ಗೆ ನಾನೇ ಗಡಿಗೆಯ ಚೂರಿನಲ್ಲಿ ಕೆಂಡ ಹಿಡಿದು ಅಂಗಳದಲ್ಲಿ ನಿಂತೆ. ಕುಲದ ಹಿರಿಯ ಒಚೋಲ ಬಂದವನು ನನ್ನ ಕೈ ನೋಡಿದ.

"ಬೆಂಕಿ ನಿನ್ನ ಕೈಲಿ ಯಾಕಮ್ಮ?"

"ಒಲೆ ಕಾಯ್ದವಳು ನಾನಲ್ವಾ ಅಜ್ಜಾ."

"ಕಾಯ್ದೆ, ಯಾರು ಇಲ್ಲ ಅಂದ್ರು? ಆದ್ರೆ ಸತ್ತವಳ ಒಲೆ ಅದು. ಗಂಡನ ಮನೆ ಬಿಟ್ಟು ಬಂದವಳು ಹೊಸ ಮನೆಗೆ ಬೆಂಕಿ ತರಬಾರ್ದು. ನಿನಗೆ ಆದದ್ದು ಇವರಿಗೂ ಆಗಲಿ ಅಂತೀಯಾ?"

ಒದೇರೋ ಹುಂಜದ ಕಾಲು ನೋಡುತ್ತಾ ನಿಂತ. ಒಗೊಲಾ ಕೊಡಲಿಯನ್ನು ಹೆಗಲಿಗೇರಿಸಿಕೊಂಡ. ನಾನು ಅಕೇಯೋಳ ಹೊಟ್ಟೆ ನೋಡಿದೆ. ಆಗಲೇ ಮೂರು ತಿಂಗಳು. ಚೂರನ್ನು ಅವಳ ಕೈಗಿಟ್ಟೆ. "ಬಿಸಿ ಇದೆ, ಜೋಪಾನ" ಅಂದೆ.

ಅವರು ನಡೆದರು. ಬೇಲಿಯ ಬಾಗಿಲು ದಾಟುವಾಗಲಾದರೂ ಹುಡುಗ ನನ್ನ ಕಡೆ ನೋಡಿಯಾನು ಅಂತ ಕಾದೆ. ಅವನು ಹೆಂಡತಿಯ ಕೈಯಲ್ಲಿದ್ದ ಕೆಂಡದ ಮೇಲೇ ಕಣ್ಣಿಟ್ಟು ಹೋದ. ಹೇಳಿಕೊಟ್ಟವಳು ನಾನೇ ತಾನೆ.

ತಾಯಿಯಿಲ್ಲದ ಮನೆಯನ್ನು, ಮಗನೂ ಹೋದ ಮೇಲೆ, ಬೀಳಲು ಬಿಡಬೇಕೆಂಬುದು ನಮ್ಮ ಕಟ್ಟಳೆ; ನಾನೂ ಅಲ್ಲಿಂದ ಹೊರಟೆ. ಒಗೊಲಾ ತನ್ನ ಬೇಲಿಯ ಹೊರಗೆ, ಕತ್ತಾಳೆಯ ಸಾಲಿನ ಪಕ್ಕ, ನನಗೊಂದು ಗುಡಿಸಲು ಕಟ್ಟಿದ. ಹುಲ್ಲನ್ನು ತಾನೇ ಹೊದಿಸಿದ. "ಸೋರಲ್ಲ ಅತ್ತೆ" ಅಂದ.

"ಚೆನ್ನಾಗಿ ಕಟ್ಟಿದ್ದೀಯ ಮಗಾ."

ಆಮೇಲೆ ಅವನು ಇತ್ತ ಬರುವುದು ಕಡಿಮೆಯಾಯಿತು. ಬಂದರೂ ಮಳೆಯ ಮಾತು ಆಡಿ ಹೋಗುತ್ತಾನೆ. ಅವನ ಮೇಲೆ ಸಿಟ್ಟಿಲ್ಲ. ಸಿಟ್ಟಿದ್ದರೆ ಹಗುರವಾಗಿರುತ್ತಿತ್ತೇನೋ.

ಬೆಳಿಗ್ಗೆ ಬೇಲಿಯ ಹತ್ತಿರ ಅಕೇಯೋ ನಿಲ್ಲುತ್ತಾಳೆ, ತುಂಬಿದ ಹೊಟ್ಟೆ ಹಿಡಿದು. "ಅತ್ತೇ, ಬೆಂಕಿ ಆರೋಯ್ತು. ಒಂದು ಕೆಂಡ ಕೊಡಿ."

ಅವಳ ಬಟ್ಟೆಯ ಗಂಟಿನಲ್ಲಿ ಬೆಂಕಿಪೊಟ್ಟಣದ ಮೂಲೆ ಎದ್ದು ಕಾಣುತ್ತದೆ. ನಾನು ಕಂಡೆನೆಂದು ಹೇಳುವುದಿಲ್ಲ. ಈಗ ಹೊಸ ಮನೆಯಲ್ಲಿ ಒಲೆ ಅವಳದೇ ಆದ್ದರಿಂದ, ಅದನ್ನು ಆರಗೊಡುವ ಹಕ್ಕೂ ಅವಳದೇ. ಬೇಲಿಯ ಮೇಲಿಂದ ಚೂರು ದಾಟಿಸುತ್ತೇನೆ.

"ಹಿಂದೆ ತಿರುಗಬೇಡ ಮಗಳೇ."

ಅವಳು ತಿರುಗುವುದಿಲ್ಲ. ಬೇಲಿಯ ಆಚೆ ಹೊಗೆ ಏಳುವವರೆಗೆ ನಿಂತಿರುತ್ತೇನೆ. ಆಮೇಲೆ ಒಳಗೆ ಬಂದು ನನ್ನ ಕೆಂಡಕ್ಕೆ ಬೂದಿ ಹೊದಿಸುತ್ತೇನೆ, ನಾಳೆಗೆ.